ಬಾಡಿಗೆ ಪಿಕಪ್ಪಿನ ಧಣಿ ಯಾರು?

ಕಳೆದ ವಾರ ನಮ್ಮ ಕಚೇರಿಗೆ ಮರ್ಕಂಜದಿಂದ ಹಿರಿಯರೊಬ್ಬರು ಬಂದಿದ್ದರು. ಇಪ್ಪತ್ತೆಂಟು ವರ್ಷ ಗೇರುಬೀಜದ ಕಾರ್ಖಾನೆಯೊಂದರಲ್ಲಿ ದುಡಿದು ಈಗ ನಿವೃತ್ತರಾಗಿದ್ದಾರೆ. ಗ್ರಾಚ್ಯುಯಿಟಿಯ ಹಣ, ಭವಿಷ್ಯನಿಧಿಯ ಹಣ ಎರಡೂ ಕೈಗೆ ಬಂದಿವೆ. ಮಗನಿಗೆ ಇಪ್ಪತ್ತನಾಲ್ಕು ವರ್ಷ, ಡ್ರೈವಿಂಗ್ ಬರುತ್ತದೆ, ಪಿಕಪ್ ಒಂದನ್ನು ತೆಗೆದು ತುರ್ತು ಬಾಡಿಗೆ ಓಡಿಸುತ್ತೇನೆಂದು ಹಟ ಹಿಡಿದಿದ್ದಾನೆ. ಗಾಡಿಗೆ ಎಲ್ಲ ಸೇರಿ ಹತ್ತು ಲಕ್ಷ. ಎರಡು ಲಕ್ಷ ಮುಂಗಡ ಕಟ್ಟಿದರೆ ಉಳಿದ ಎಂಟು ಲಕ್ಷಕ್ಕೆ ಸಾಲ ಮಾಡಿಸಿಕೊಡುವುದಾಗಿ ಮಾರುವವರೇ ಹೇಳಿದ್ದಾರಂತೆ. "ಕೊಡುದಾ ಬೇಡ್ವಾ, ಒಂದು ಮಾತು ಹೇಳಿ ಮಾರಾಯ್ರೆ. ಮನೆಯಲ್ಲಿ ಎಲ್ಲರೂ ಕೊಡಿ ಅಂತಾರೆ. ನನಗೆ ಮಾತ್ರ ರಾತ್ರಿ ನಿದ್ದೆ ಇಲ್ಲ" ಎಂದರು.

ಅವರಿಗೆ ನಾವು ಆ ದಿನ ಕೊಟ್ಟ ಉತ್ತರ ಅರ್ಧಂಬರ್ಧದ್ದು. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಏಕೆಂದರೆ ಈ ಪ್ರಶ್ನೆ ಅವರೊಬ್ಬರದಲ್ಲ. ನಮ್ಮ ವಾಚಕರಲ್ಲಿ ಗಿರಣಿ ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ಮಂದಿಯ ನಿವೃತ್ತಿಯ ಹಣ ಇದೇ ದಾರಿ ಹಿಡಿದು ಹೋಗಿದೆ. ಅಂಗಡಿ ಇಟ್ಟಿರುವ ವಾಚಕರಂತೂ ದಿನ ಬೆಳಗಾದರೆ ಇಂಥದೇ ಗಾಡಿಯನ್ನು ಕಾಯುವವರು.

ಮೊದಲು ಈ ಕೆಲಸವೆಂದರೆ ಏನು ಎಂಬುದನ್ನು ನೋಡಬೇಕು. ದೊಡ್ಡ ಲಾರಿ ಬರುವಷ್ಟು ಮಾಲಿಲ್ಲ, ಆದರೆ ನಾಳೆಯ ತನಕ ಕಾಯುವ ಹಾಗೂ ಇಲ್ಲ. ಇಂಥ ಕಡೆ ಬೇಕಾಗುವುದು ಸಣ್ಣ ಗಾಡಿ. ಮರ್ಕಂಜದಂಥ ಊರನ್ನೇ ತೆಗೆದುಕೊಳ್ಳಿ. ಸುಳ್ಯ ತಾಲೂಕಿನ ಒಳಭಾಗದಲ್ಲಿ, ಅರಂತೋಡು–ಎಲಿಮಲೆ ದಾರಿಯಲ್ಲಿ, ಗುಡ್ಡ ಏರಿ ಬೈಲಿಗಿಳಿದು ಮತ್ತೆ ಗುಡ್ಡ ಏರುವ ಊರು. ಮನೆಗಳು ಪೇಟೆಯಲ್ಲಿರುವಂತೆ ಒತ್ತಾಗಿಲ್ಲ, ತೋಟಕ್ಕೊಂದು ಮನೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ತೋಟದ ಪಂಪು ಸುಟ್ಟುಹೋದರೆ ಮೋಟಾರನ್ನು ಸುಳ್ಯಕ್ಕೋ ಪುತ್ತೂರಿಗೋ ಒಯ್ದು ವೈಂಡಿಂಗ್ ಮಾಡಿಸಿ ಅಂದೇ ತರಬೇಕು. ಮಳೆಗಾಲದಲ್ಲಿ ಎರಡು ದಿನ ಬಿಸಿಲು ಬಿತ್ತೆಂದರೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತು ಸುಣ್ಣ ಒಡನೆ ಬರಬೇಕು. ನಾಡಿದ್ದು ಬಂದರೆ ಕೊಳೆರೋಗ ಕಾಯುವುದಿಲ್ಲ. ಅಡಿಕೆಗೆ ಧಾರಣೆ ಏರಿದ ದಿನ ಚಾಲಿ ಪೇಟೆ ಸೇರಬೇಕು. ಮದುವೆ ಮನೆಗೆ ಪಾತ್ರೆ, ಕುರ್ಚಿ, ಶಾಮಿಯಾನ, ರಬ್ಬರ್ ಶೀಟು, ಬಾಳೆಗೊನೆ, ಮನೆ ಕಟ್ಟುವವನಿಗೆ ಹತ್ತು ಚೀಲ ಸಿಮೆಂಟು. ಅಂಗಡಿಯಾತನಿಗೆ ಸಂತೆಯ ಮುನ್ನಾದಿನ ಮುಗಿದುಹೋದ ಸಕ್ಕರೆ.

ಇದು ಅಗತ್ಯದ ಸೇವೆ ಎಂಬುದರಲ್ಲಿ ನಮಗೆ ಸಂದೇಹವೇ ಇಲ್ಲ. 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಎಂಬ ಸಣ್ಣ ಗಾಡಿ ಮಾರುಕಟ್ಟೆಗೆ ಬಂದ ಮೇಲೆ, ಅದರ ಹಿಂದೆ ಬೇರೆ ಕಂಪೆನಿಗಳ ಪಿಕಪ್‌ಗಳು ಬಂದ ಮೇಲೆ, ಒಳಗಿನ ಊರುಗಳ ಬದುಕೇ ಬದಲಾಯಿತು. ಮುಕ್ಕಾಲು ಟನ್ ಹೊರುವ ಆ ಪುಟ್ಟ ಗಾಡಿ ಲಾರಿ ಹತ್ತದ ತೋಟದ ದಾರಿಯನ್ನೂ ಹತ್ತಿತು. 65 ಕಿಲೋದ ಮೂಟೆ ಎಂದಿಟ್ಟುಕೊಂಡರೆ ಹನ್ನೊಂದು ಮೂಟೆ ಅಡಿಕೆ. ಅಂಗಳದಿಂದ ಪೇಟೆಗೆ ಒಂದೇ ಸಲ. ಹಿಂದೆ ತಲೆಹೊರೆಯಲ್ಲಿ ರಸ್ತೆಗೆ ತಂದು ಬಸ್ಸಿನ ಮೇಲೆ ಏರಿಸುತ್ತಿದ್ದವರಿಗೆ ಈ ವ್ಯತ್ಯಾಸವನ್ನು ಹೇಳಬೇಕಾಗಿಲ್ಲ.

ಹಾಗಾದರೆ ಹಿರಿಯರಿಗೆ ನಿದ್ದೆ ಬಾರದಿರುವುದು ಏಕೆ? ಊರಿಗೆ ಬೇಕಾದ ಕೆಲಸ, ಮಗನಿಗೆ ಬರುವ ಕೆಲಸ, ಸಾಲ ಕೊಡುವವರು ಸಿದ್ಧ. ಇನ್ನೇನು ಬೇಕು?

ಬೇಕಾದುದು ಲೆಕ್ಕ. ಆ ಲೆಕ್ಕವನ್ನು ಗಾಡಿ ಮಾರುವವನು ಹೇಳುವುದಿಲ್ಲ, ಸಾಲ ಕೊಡುವವನು ಕೇಳುವುದಿಲ್ಲ. ಇವರಿಬ್ಬರೂ ಹೇಳುವುದು ಒಂದೇ ಕಥೆ: 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಒಂದು ಲಾರಿಯಿಂದ ಪ್ರಾರಂಭಿಸಿದರು, ಆಮೇಲೆ ಏನಾಯಿತು ನೋಡಿ ಎಂದು. ಕಥೆ ನಿಜ. 2022ರಲ್ಲಿ ಅದು ಚಲನಚಿತ್ರವಾಗಿಯೂ ಬಂತು. ಅವರ ಸಾಹಸವನ್ನು ನಾವು ಹಳಿಯುವವರಲ್ಲ. ಆದರೆ ಅದೇ ಕಾಲದಲ್ಲಿ ಒಂದು ಲಾರಿ ಕೊಂಡು, ಒಂದು ಲಾರಿಯಲ್ಲಿಯೇ ಉಳಿದು, ಕೊನೆಗೆ ಅದನ್ನೂ ಸಾಲಕ್ಕೆ ಒಪ್ಪಿಸಿ ಮತ್ತೊಬ್ಬರ ಲಾರಿಗೆ ಡ್ರೈವರಾಗಿ ಹೋದವರ ಮೇಲೆ ಯಾರೂ ಚಿತ್ರ ತೆಗೆಯುವುದಿಲ್ಲ. ಲಾಟರಿ ಹೊಡೆದವನ ಫೋಟೋ ತೋರಿಸಿ ಟಿಕೆಟು ಮಾರಿದ ಹಾಗೆ ಇದು.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಒಂದು ಅಂದಾಜಿಗಾಗಿ ಹಿಡಿದವು. ಓದುವವರು ತಮ್ಮ ತಮ್ಮ ಗಾಡಿಯ ಅಂಕಿಗಳನ್ನು ಹಾಕಿಕೊಂಡು ನೋಡಬಹುದು. ಮಾಡುವ ರೀತಿ ಮಾತ್ರ ಇದೇ.

ಎಂಟು ಲಕ್ಷ ಸಾಲ, ನೂರಕ್ಕೆ ಹನ್ನೊಂದರ ಬಡ್ಡಿ, ಐದು ವರ್ಷದ ಗಡುವು ಎಂದರೆ ತಿಂಗಳ ಕಂತು 17,394 ರೂಪಾಯಿ. ಅರವತ್ತು ಕಂತು ಮುಗಿಯುವಾಗ ಕಟ್ಟಿದ್ದು 10 ಲಕ್ಷ 43 ಸಾವಿರಕ್ಕೂ ಮಿಕ್ಕಿ. ಅಂದರೆ ಎರಡು ಲಕ್ಷ 43 ಸಾವಿರ ಬರೀ ಬಡ್ಡಿ. ಹಿರಿಯರು ತಮ್ಮ ಇಪ್ಪತ್ತೆಂಟು ವರ್ಷದ ದುಡಿಮೆಯಿಂದ ತೆಗೆದು ಕೊಡುವ ಮುಂಗಡಕ್ಕಿಂತ ಈ ಬಡ್ಡಿಯೇ ಹೆಚ್ಚು ಎಂಬುದನ್ನು ಗಮನಿಸಬೇಕು.

ವಿಮೆಯ ಬಾಬು. ಏಳೂವರೆ ಟನ್ನಿನೊಳಗಿನ ಸರಕು ಗಾಡಿಗೆ ಮೂರನೆಯವರ ಹೊಣೆಯ ವಿಮೆಯೊಂದಕ್ಕೇ 2022ರ ಜೂನ್ 1ರಿಂದ ಗೊತ್ತುಪಡಿಸಿದ ದರ ವರ್ಷಕ್ಕೆ 16,049 ರೂಪಾಯಿ, ತೆರಿಗೆ ಬೇರೆ. ಗಾಡಿಯ ಸ್ವಂತ ಹಾನಿಯ ವಿಮೆಯನ್ನೂ ಸರಕಾರಿ ಬಾಬುಗಳನ್ನೂ ಸೇರಿಸಿ ತಿಂಗಳಿಗೆ ಮೂರು ಸಾವಿರ ಹಿಡಿಯೋಣ.

ಇನ್ನು ಓಟ. ಮರ್ಕಂಜದಿಂದ ಮಂಗಳೂರಿಗೆ ಹೋಗಿ ಬರುವುದು ಎಂದರೆ ಸುಮಾರು ಇನ್ನೂರು ಕಿಲೋಮೀಟರು. ಲೋಡು ಹೊತ್ತ ಗಾಡಿ ಲೀಟರಿಗೆ ಹನ್ನೊಂದು ಕೊಟ್ಟರೆ ಹದಿನೆಂಟು ಲೀಟರು ಡೀಸೆಲು. ಲೀಟರಿಗೆ 90ರಂತೆ 1,620. ಟೈರು, ಆಯಿಲು, ಬ್ರೇಕು, ಸಣ್ಣಪುಟ್ಟ ರಿಪೇರಿ ಸೇರಿ ಕಿಲೋಮೀಟರಿಗೆ ಎರಡು ರೂಪಾಯಿ ಹತ್ತು ಪೈಸೆ ಹಿಡಿದರೆ 420. ತಿಂಗಳಿಗೆ ಇಂಥ ಹದಿನೆಂಟು ಬಾಡಿಗೆ ಸಿಕ್ಕಿತೆನ್ನೋಣ. ಸ್ಟ್ಯಾಂಡಿನಲ್ಲಿ ನಿಂತು ನೋಡಿದವರು ಹದಿನೆಂಟು ಎಂಬುದನ್ನು ಕೇಳಿ ನಗಬಹುದು, ಅದರಲ್ಲೂ ಜುಲೈ ತಿಂಗಳಿನಲ್ಲಿ. ಇರಲಿ, ಉದಾರವಾಗಿಯೇ ಹಿಡಿಯೋಣ. ಪೈಪೋಟಿಯಲ್ಲಿ ಒಂದು ಓಟಕ್ಕೆ 3,500 ರೂಪಾಯಿಗೆ ಒಪ್ಪಿಕೊಂಡ ಎನ್ನೋಣ.

ಬಂದದ್ದು 63,000. ಡೀಸೆಲಿಗೆ 29,160. ಟೈರು ರಿಪೇರಿಗೆ 7,560. ಕಂತು 17,394. ವಿಮೆ ಇತ್ಯಾದಿ 3,000. ಉಳಿದದ್ದು 5,886 ರೂಪಾಯಿ!

ಬೆಳಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮನೆ ಸೇರುವವನ ಒಂದು ತಿಂಗಳ ಸಂಪಾದನೆ ಇದು. ತೋಟದ ಕೂಲಿಗೆ ಹೋದವನು ಇದನ್ನು ಎಷ್ಟು ದಿನಗಳಲ್ಲಿ ಗಳಿಸುತ್ತಾನೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ. ಆದರೂ ಗಾಡಿಯವನ ಕೈಯಲ್ಲಿ ದಿನವೂ ನೋಟು ಓಡಾಡುವುದರಿಂದ ಅವನಿಗಾಗಲಿ ಅವನ ಮನೆಯವರಿಗಾಗಲಿ ಇದು ಕಾಣುವುದಿಲ್ಲ. ಟೈರಿನ ಖರ್ಚು ಇಂದು ಬರುವುದಲ್ಲ, ಎರಡು ವರ್ಷ ಬಿಟ್ಟು ಒಮ್ಮೆಲೇ ಬರುವುದು. ವಿಮೆ ವರ್ಷಕ್ಕೊಮ್ಮೆ. ಹಾಗಾಗಿ ನಾಳಿನ ಟೈರನ್ನು ಇಂದು ಊಟ ಮಾಡುತ್ತಾನೆ. ಟೈರು ಸವೆದ ದಿನ ಕೈಸಾಲ, ಕೈಸಾಲ ತೀರಿಸಲು ಮಡದಿಯ ಕರಿಮಣಿ ಅಡವು. ಇದು ನಾವು ಕಟ್ಟಿದ ಮಾತಲ್ಲ, ಕಂಡ ಮಾತು.

ಎಲ್ಲಿ ತಪ್ಪಿತು? ಎರಡು ಕಡೆ. ಬಾಡಿಗೆ ಮಾತನಾಡುವಾಗ ಅವನು ತನ್ನ ಸ್ವಂತ ಕೂಲಿಯನ್ನು ಸೇರಿಸಿರಲಿಲ್ಲ. ಮತ್ತು ಮಂಗಳೂರಿನಿಂದ ಖಾಲಿ ಗಾಡಿ ಓಡಿಸಿಕೊಂಡು ಬಂದ ನೂರು ಕಿಲೋಮೀಟರಿಗೆ ಯಾರೂ ಏನೂ ಕೊಡಲಿಲ್ಲ. ದಿನಕ್ಕೆ 800ರಂತೆ ಇಪ್ಪತ್ತಾರು ದಿನದ ಕೂಲಿ ಹಿಡಿದರೆ 20,800. ಅದನ್ನು ಹದಿನೆಂಟು ಬಾಡಿಗೆಗೆ ಹಂಚಿ ಸೇರಿಸಿದರೆ ಒಂದೊಂದು ಓಟದ ನಿಜವಾದ ಕ್ರಯ 4,300 ರೂಪಾಯಿಗಿಂತ ಮೇಲಾಗುತ್ತದೆ. 3,500ಕ್ಕೆ ಒಪ್ಪಿದವನು ಪ್ರತಿ ಓಟದಲ್ಲಿಯೂ ಎಂಟುನೂರಕ್ಕಿಂತ ಹೆಚ್ಚು ಹಣವನ್ನು ಮಾಲಿನವನಿಗೆ ದಾನ ಮಾಡಿ ಬರುತ್ತಾನೆ. ಅದೇ ಹದಿನೆಂಟು ಓಟಗಳಲ್ಲಿ ಬರೀ ಆರು ಸಲ, 1,500 ರೂಪಾಯಿಗಾದರೂ ಸರಿ, ವಾಪಸು ಲೋಡು ಸಿಕ್ಕಿತೆಂದರೆ ಉಳಿತಾಯ 5,886ರಿಂದ 14,886ಕ್ಕೆ ಏರುತ್ತದೆ. ಈ ಉದ್ಯೋಗದ ಜೀವ ಇರುವುದು ಹೋಗುವ ಲೋಡಿನಲ್ಲಲ್ಲ, ಬರುವ ಲೋಡಿನಲ್ಲಿ.

ಲೆಕ್ಕ ಸರಿಯಿದ್ದರೂ ದಾರಿ ಸರಿಯಿರಬೇಕಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಸಂಪಾಜೆ–ಮಡಿಕೇರಿ ರಸ್ತೆ ಮುಚ್ಚಿತು. ಘಟ್ಟದ ಮೇಲಿನ ಬಾಡಿಗೆಯನ್ನೇ ನಂಬಿದ್ದವರ ಗಾಡಿ ಅಂಗಳದಲ್ಲಿ ನಿಂತಿತು; ಕಂತು ನಿಲ್ಲಲಿಲ್ಲ. 2020ರಲ್ಲಿ ಕೊರೋನಾ ಬಂದಾಗ ರಿಸರ್ವ್ ಬ್ಯಾಂಕು ಮಾರ್ಚಿನಿಂದ ಆಗಸ್ಟಿನವರೆಗೆ ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತು. ಕಂತು ಮಲಗಿತ್ತು ನಿಜ, ಬಡ್ಡಿ ಎದ್ದೇ ಇತ್ತು. 2025ರ ಏಪ್ರಿಲ್ 1ರಿಂದ ರಾಜ್ಯ ಸರಕಾರ ಡೀಸೆಲಿನ ಮೇಲಣ ಮಾರಾಟ ತೆರಿಗೆಯನ್ನು ಶೇಕಡಾ 18.44ರಿಂದ 21.17ಕ್ಕೆ ಏರಿಸಿತು, ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಹೂಡಿದರು. ದೊಡ್ಡ ಲಾರಿಯವರಿಗೆ ಸಂಘವಿದೆ, ಮಂತ್ರಿಗಳೊಡನೆ ಮೇಜಿನೆದುರು ಕೂರುತ್ತಾರೆ. ಒಂದು ಪಿಕಪ್ಪಿನವನು ಎಲ್ಲಿ ಕೂರಬೇಕು? ಅದೇ 2025ರ ಸೆಪ್ಟೆಂಬರ್ 22ರಿಂದ ಕೇಂದ್ರ ಸರಕಾರ ಸರಕು ಗಾಡಿಗಳ ಮೇಲಣ ಜಿಎಸ್‌ಟಿಯನ್ನು 28ರಿಂದ 18ಕ್ಕೆ ಇಳಿಸಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಇದರ ಫಲ ಮುಂದೆ ಕೊಳ್ಳುವವನಿಗೆ. ಹಳೆಯ ಬೆಲೆಗೆ ಕೊಂಡು ಕಂತು ಕಟ್ಟುತ್ತಿರುವವನಿಗೆ ತನ್ನ ಗಾಡಿಯ ಮರುಮಾರಾಟದ ಬೆಲೆ ಕುಸಿಯಬಹುದೆಂಬ ಚಿಂತೆಯೇ ಲಾಭ.

ಇನ್ನು ಕಾನೂನಿನ ಮಾತು. ಇದರಲ್ಲಿ ಕೆಲವು ಸಂಗತಿಗಳನ್ನು ತಿಳಿದಿರದೆ ಗಾಡಿ ರಸ್ತೆಗಿಳಿಸಿದವರು ಮನೆಮಾರು ಕಳೆದುಕೊಂಡಿದ್ದಾರೆ. ಆದುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಲೋಡೂ ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ಟು ಬೇಡ. ಮೀರಿದರೆ ಬೇಕು. ಪಿಕಪ್ಪುಗಳಲ್ಲಿ ಎರಡೂ ಬಗೆಯವು ಇವೆ, ನೋಡಲು ಒಂದೇ ತರಹ. ಆರ್‌ಸಿಯಲ್ಲಿ ಬರೆದ ತೂಕವನ್ನು ಓದಿ ಕೊಳ್ಳಬೇಕೇ ಹೊರತು ಮಾರುವವನ ಬಾಯಿಮಾತನ್ನು ಕೇಳಿ ಅಲ್ಲ. ಲೈಸನ್ಸಿನ ವಿಷಯದಲ್ಲಿ ಬಹುಕಾಲ ಗೊಂದಲವಿತ್ತು: ಕಾರಿನ ಲೈಸನ್ಸಿನಲ್ಲಿ ಬಾಡಿಗೆ ಪಿಕಪ್ ಓಡಿಸಿದನೆಂದು ವಿಮಾ ಕಂಪೆನಿಗಳು ಪರಿಹಾರ ಕೊಡಲು ನಿರಾಕರಿಸುತ್ತಿದ್ದವು. 2017ರಲ್ಲಿ ಸುಪ್ರೀಂ ಕೋರ್ಟು ಚಾಲಕರ ಪರವಾಗಿ ತೀರ್ಪಿತ್ತಿತು. ಕಂಪೆನಿಗಳು ಬಿಡದೆ ಮತ್ತೆ ಹೋದುವು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. 7,500 ಕಿಲೋ ಒಟ್ಟು ತೂಕದವರೆಗಿನ ಗಾಡಿಗೆ ಲಘು ವಾಹನದ ಲೈಸನ್ಸು ಸಾಕು. ಇದು ಸಣ್ಣ ಚಾಲಕನಿಗೆ ಸಿಕ್ಕಿದ ದೊಡ್ಡ ರಕ್ಷಣೆ.

ಆದರೆ ಬಿಳಿ ಬೋರ್ಡಿನ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ತಂದು ಬಾಡಿಗೆಗೆ ಬಿಟ್ಟರೆ ಯಾವ ತೀರ್ಪೂ ಕಾಯುವುದಿಲ್ಲ. ಬಾಡಿಗೆಗೆ ಹಳದಿ ಬೋರ್ಡೇ ಆಗಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇನ್ನೊಂದು ವಿಷಯವನ್ನು ನೆನಪಿಡಬೇಕು: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಆಗುವ ಎಫ್‌ಸಿ, ಎಂಟು ದಾಟಿದ ಮೇಲೆ ವರ್ಷ ವರ್ಷವೂ ಆಗಬೇಕು.

ಲೋಡಿನ ಮಿತಿಯ ವಿಷಯ ಎಲ್ಲರಿಗೂ ಗೊತ್ತು, ಯಾರೂ ಪಾಲಿಸುವುದಿಲ್ಲ. ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ಟನ್ ಕೆಂಪುಕಲ್ಲು ಹೇರಿ ಮರ್ಕಂಜದ ಏರು ಹತ್ತಿಸುವುದು ಶೌರ್ಯವೆಂದು ಕೆಲವರ ಭಾವನೆ. 2019ರ ತಿದ್ದುಪಡಿಯಂತೆ ಹೆಚ್ಚು ಲೋಡಿಗೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಒಂದೊಂದು ಟನ್ನಿಗೆ 2,000. ಮೇಲಿನ ಲೆಕ್ಕದ 5,886ನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಇಲ್ಲಿ ಅಂಗಡಿಯ ಮಿತ್ರರಿಗೂ ಒಂದು ಮಾತು. "ಇನ್ನೆರಡು ಮೂಟೆ ಹಾಕಪ್ಪಾ, ಏನಾಗುದಿಲ್ಲ" ಎನ್ನುವವರು ನೀವು; ದಂಡ ಕಟ್ಟುವವನು ಅವನು.

ಇದೆಲ್ಲಕ್ಕಿಂತ ಭಯಂಕರವಾದುದು ಮನುಷ್ಯರನ್ನು ಹಿಂದೆ ಕೂರಿಸಿಕೊಳ್ಳುವ ಅಭ್ಯಾಸ. ಕೂಲಿಯಾಳುಗಳಿರಲಿ, ಮದುವೆಯ ನೆಂಟರಿರಲಿ, ಆಟ ನೋಡಲು ಹೊರಟ ಹುಡುಗರಿರಲಿ, ದಾಕ್ಷಿಣ್ಯಕ್ಕೆ ಹತ್ತಿಸಿಕೊಳ್ಳುತ್ತಾರೆ. ಸರಕು ಗಾಡಿಯಲ್ಲಿ ಮಾಲಿನ ಮಾಲೀಕನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ವಿಮೆಯ ರಕ್ಷಣೆ ಇದೆ. ಸುಮ್ಮನೆ ಹತ್ತಿದ ಪ್ರಯಾಣಿಕನ ಹೊಣೆ ವಿಮಾ ಕಂಪೆನಿಯದಲ್ಲವೆಂದು 2002ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ತಿರುವಿನಲ್ಲಿ ಗಾಡಿ ಮಗುಚಿ ಒಬ್ಬ ಸತ್ತರೆ ಪರಿಹಾರದ ಹೊರೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವನ ಮನೆ ಜಾಗದ ಮೇಲೆ ಬೀಳುತ್ತದೆ. ಸತ್ತವನ ಮಕ್ಕಳಿಗೂ ಏನೂ ದಕ್ಕುವುದಿಲ್ಲ, ಬದುಕಿದವನ ಮಕ್ಕಳಿಗೂ ಏನೂ ಉಳಿಯುವುದಿಲ್ಲ.

ಹೀಗಿರುವಾಗ ಈ ಗಾಡಿಯ ಧಣಿ ಯಾರು? ಆರ್‌ಸಿಯಲ್ಲಿ ಹುಡುಗನ ಹೆಸರಿದೆ. ಅದರ ಕೆಳಗೇ ಸಾಲ ಕೊಟ್ಟವರ ಹೆಸರೂ ಇದೆ. ಊರಿನವರು ಅವನನ್ನು 'ಪಿಕಪ್ಪಿನ ಓನರ್' ಎನ್ನುತ್ತಾರೆ. ಗಿರಣಿಯಲ್ಲಿ ಅವನ ತಂದೆಗೆ ಎಂಟು ಗಂಟೆಯ ಪಾಳಿ ಇತ್ತು, ವಾರದ ರಜೆ ಇತ್ತು, ಕೈ ಕುಯ್ದುಕೊಂಡರೆ ಇಎಸ್‌ಐ ಆಸ್ಪತ್ರೆ ಇತ್ತು, ಕೊನೆಗೆ 1972ರ ಕಾಯ್ದೆಯಂತೆ ಗ್ರಾಚ್ಯುಯಿಟಿಯೂ ಬಂತು. ಇವೆಲ್ಲವೂ ಹೋರಾಡಿ ಪಡೆದವು. 'ಓನರ್' ಆದ ಮಗನಿಗೆ ಇವುಗಳಲ್ಲಿ ಒಂದೂ ಇಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಮಿತಿ ಹಾಕಿತ್ತು. ಆದರೆ ಐವರು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ ಅದು ಅನ್ವಯವಾಗುತ್ತಿತ್ತು. 2025ರ ನವೆಂಬರಿನಲ್ಲಿ ಅದನ್ನು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಲಾಯಿತು. ಹಳೆಯದಾಗಲಿ ಹೊಸದಾಗಲಿ, ತಾನೇ ಧಣಿ ತಾನೇ ಆಳು ಆದವನು ಯಾರ ಮೇಲೆ ದೂರು ಕೊಡಬೇಕು? ತನ್ನನ್ನು ತಾನೇ ಹದಿನಾರು ಗಂಟೆ ದುಡಿಸುವ ಧಣಿಗಿಂತ ನಿರ್ದಯಿಯಾದ ಧಣಿಯನ್ನು ನಾವು ಕಂಡಿಲ್ಲ. ರಾಜ್ಯ ಸರಕಾರ 2024ರಲ್ಲಿ ಮೋಟಾರು ಸಾರಿಗೆ ಹಾಗೂ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಒಂದು ಕಾಯ್ದೆ ಮಾಡಿದೆ. ಚಾಲಕರೂ ಅದರೊಳಗೆ ಬರುತ್ತಾರೆ. ಹೆಸರು ನೋಂದಾಯಿಸಿಕೊಳ್ಳದೆ ಕುಳಿತವರು ಕೂಡಲೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಬೇಕೆಂದು ಇಲ್ಲಿಯೇ ಹೇಳಿಬಿಡುತ್ತೇವೆ.

ಸಣ್ಣ ವ್ಯಾಪಾರಿಗಳು ಇದನ್ನು ಓದಿ, "ಬಾಡಿಗೆ ಏರಿಸಿದರೆ ನಮ್ಮ ಗತಿಯೇನು" ಎನ್ನಬಹುದು. ನ್ಯಾಯವಾದ ಪ್ರಶ್ನೆ. ಹಳ್ಳಿಯ ಅಂಗಡಿಯ ಲಾಭವೂ ನೂಲಿನಷ್ಟೇ ತೆಳು. ಆದರೆ ಒಬ್ಬ ಗಾಡಿಯವನನ್ನು ಇನ್ನೊಬ್ಬನಿಗೆ ಎತ್ತಿಕಟ್ಟಿ ಇನ್ನೂರು ರೂಪಾಯಿ ಇಳಿಸಿ ಗೆದ್ದೆವೆಂದುಕೊಂಡರೆ, ಎರಡು ವರ್ಷದಲ್ಲಿ ಆ ಇಬ್ಬರೂ ಸ್ಟ್ಯಾಂಡಿನಲ್ಲಿರುವುದಿಲ್ಲ. ಆಗ ಸಂತೆಯ ಮುನ್ನಾದಿನ ಸಕ್ಕರೆ ತರಲು ಸುಳ್ಯದಿಂದ ಗಾಡಿ ಕರೆಸಬೇಕು, ಬರುವ ಖಾಲಿ ಓಟಕ್ಕೂ ಹಣ ತೆರಬೇಕು. ಬಾಡಿಗೆಯನ್ನು ಉದ್ರಿ ಇಡುವ ಅಭ್ಯಾಸವಂತೂ ಸರಿಯಲ್ಲ. ಬಂಕಿನವನು ಪಿಕಪ್ಪಿನವನಿಗೆ ಉದ್ರಿ ಕೊಡುವುದಿಲ್ಲ.

ಹಾಗಾದರೆ ಗಾಡಿ ಕೊಳ್ಳಲೇಬಾರದೆ? ನಾವು ಹಾಗೆನ್ನುವುದಿಲ್ಲ. ಒಬ್ಬನೇ ಕೊಂಡು ಒಬ್ಬನೇ ಓಡಿಸಿ ಒಬ್ಬನೇ ಬಾಡಿಗೆ ಮಾತನಾಡಬಾರದು ಎನ್ನುತ್ತೇವೆ.

ನಮ್ಮ ಜಿಲ್ಲೆಗೆ ಕೂಡಿ ಬಾಳುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದ್ದು 1909ರಲ್ಲಿ. ಅಡಿಕೆಯ ಧಾರಣೆ ನೆಲಕಚ್ಚಿ ಬೆಳೆಗಾರ ತತ್ತರಿಸಿದ ಮೇಲೆ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ ಕೇರಳಗಳ ಬೆಳೆಗಾರರು ಒಂದಾದರು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯೂ ಎದ್ದಿತು. ಅಡಿಕೆ ಬೆಳೆಯುವವನಿಗೆ ಕ್ಯಾಂಪ್ಕೊ ಇದೆ. ಅದೇ ಅಡಿಕೆಯನ್ನು ಅಂಗಳದಿಂದ ಹೊತ್ತು ತರುವವನಿಗೆ ಏನಿದೆ? ಸ್ಟ್ಯಾಂಡಿನ ಮರದ ನೆರಳು.

ಸಾರಿಗೆಯಲ್ಲಿಯೂ ಉದಾಹರಣೆ ಇಲ್ಲದಿಲ್ಲ. ಘಟ್ಟದ ಮೇಲೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಖಾಸಗಿ ಬಸ್ಸು ಕಂಪೆನಿಯೊಂದು ಮುಚ್ಚಿದಾಗ, ಅದರ ಕೆಲಸಗಾರರು ತಮಗೆ ಬಂದ ಆರು ಬಸ್ಸುಗಳನ್ನು ಹಿಡಿದು 1991ರಲ್ಲಿ ಸಹಕಾರ ಸಾರಿಗೆಯನ್ನು ಪ್ರಾರಂಭಿಸಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಪಾಲುದಾರರು. ಆರು ಬಸ್ಸು ಎಪ್ಪತ್ತು ದಾಟಿತು. ಮಲೆನಾಡಿನ ಮೂಲೆ ಮೂಲೆಗೆ ಬಸ್ಸು ಹೋಯಿತು. ಇದನ್ನು ಹೇಳುವಾಗ ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು: 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತುವು. ಖರ್ಚು ಏರುತ್ತ ಹೋಯಿತು, ಆದಾಯ ಅದರ ಹಿಂದೆ ಓಡಲಾರದೆ ಹೋಯಿತು. ನಮ್ಮ ಗೆಳೆಯರಲ್ಲಿ ಕೆಲವರು ಕೊಪ್ಪದ ಪ್ರಾರಂಭವನ್ನು ಮಾತ್ರ ಭಾಷಣದಲ್ಲಿ ಹೇಳಿ ಅಂತ್ಯವನ್ನು ನುಂಗಿಬಿಡುತ್ತಾರೆ. ನುಂಗಬಾರದು. ಕೂಡಿದ ಮಾತ್ರಕ್ಕೆ ಡೀಸೆಲು ಅಗ್ಗವಾಗುವುದಿಲ್ಲ. ಆದರೆ ಒಬ್ಬೊಬ್ಬನೇ ಆಗಿದ್ದರೆ ಎರಡು ಮಳೆಗಾಲ ಕಾಣಲಾರದಿದ್ದವರು ಕೂಡಿ ಇಪ್ಪತ್ತೆಂಟು ವರ್ಷಕ್ಕೂ ಮೇಲೆ ನಡೆಸಿದರು, ಅಷ್ಟು ವರ್ಷ ಅಷ್ಟು ಮನೆಗಳ ಒಲೆ ಉರಿಯಿತು.

ಮರ್ಕಂಜದಲ್ಲಿ ಎಪ್ಪತ್ತು ಗಾಡಿ ಬೇಡ. ಮರ್ಕಂಜ, ಎಲಿಮಲೆ, ಅರಂತೋಡು ಈ ಸುತ್ತಿನ ಐದಾರು ಪಿಕಪ್ಪಿನವರು ಒಂದು ಮೇಜಿನ ಸುತ್ತ ಕುಳಿತರೆ ಸಾಕು. ಒಂದು ಫೋನ್ ನಂಬರು, ಒಂದು ಪುಸ್ತಕ. ಸರದಿಯ ಮೇಲೆ ಬಾಡಿಗೆ. ಸುಳ್ಯಕ್ಕೆ ಇಷ್ಟು, ಪುತ್ತೂರಿಗೆ ಇಷ್ಟು, ಮಂಗಳೂರಿಗೆ ಇಷ್ಟು ಎಂದು ಅಂಗಡಿಗಳಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿದ ದರದ ಹಲಗೆ. ಅದಕ್ಕಿಂತ ಕಡಿಮೆಯೂ ಇಲ್ಲ, ರಾತ್ರಿ ಹೊತ್ತು ಕಷ್ಟದಲ್ಲಿರುವವನಿಂದ ಹೆಚ್ಚೂ ಇಲ್ಲ. ವಾಪಸು ಲೋಡಿನ ವಿಷಯದಲ್ಲಿ ಇದರ ಪ್ರಯೋಜನ ಇನ್ನೂ ದೊಡ್ಡದು. ಇಂದು ಮಂಗಳೂರಿಗೆ ಮೂವರು ಬೇರೆ ಬೇರೆಯಾಗಿ ಹೋಗಿ ಮೂವರೂ ಖಾಲಿ ಬರುತ್ತಾರೆ. ಮೂರು ಅಂಗಡಿಯವರು ತಮ್ಮ ಮಾಲಿಗೆ ಬೇರೆ ಗಾಡಿ ಕಾಯುತ್ತಿರುತ್ತಾರೆ. ಅಂಗಡಿಯವರೂ ಹಿಂದಿನ ಸಂಜೆಯೇ ತಮಗೆ ಬೇಕಾದುದನ್ನು ಆ ಪುಸ್ತಕದಲ್ಲಿ ಬರೆಸಿದರೆ ಅವರ ಮಾಲು ಅರ್ಧ ಬಾಡಿಗೆಯಲ್ಲಿ ಬರುತ್ತದೆ, ಗಾಡಿಯವನ ಖಾಲಿ ಓಟ ತಪ್ಪುತ್ತದೆ. ಬಾಡಿಗೆಯಿಂದ ನೂರಕ್ಕೆ ಐದನ್ನು ತೆಗೆದು ಊರಿನ ಸಹಕಾರಿ ಸಂಘದಲ್ಲಿ ಟೈರಿನ ಖಾತೆಯೆಂದು ಇಟ್ಟರೆ ಕರಿಮಣಿ ಅಡವಿಡುವ ದಿನ ಬರಲಾರದು.

ಸಾಲವನ್ನೂ ಹಾಗೆಯೇ. ಮಾರುವವನು ಮಾಡಿಸಿಕೊಡುವ ಸಾಲ ಸುಲಭ, ಬಡ್ಡಿ ಸುಲಭವಲ್ಲ. 2015ರಿಂದ ಇರುವ ಮುದ್ರಾ ಯೋಜನೆಯಲ್ಲಿ ಹತ್ತು ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಪಡೆಯಲು ಅವಕಾಶವಿದೆ. ಬ್ಯಾಂಕಿನವರು ಎರಡು ಸಲ ಓಡಾಡಿಸಿಯಾರು, ಓಡಾಡಬೇಕು. ಕಂತು ತಪ್ಪಿದಾಗ ರೌಡಿಗಳನ್ನು ಕಳುಹಿಸಿ ದಾರಿಯಲ್ಲಿ ಗಾಡಿ ಕಸಿದುಕೊಳ್ಳುವುದು ತಪ್ಪೆಂದು 2007ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಹಾಗೆ ಬಂದವರಿಗೆ ಕೀಲಿಕೈ ಕೊಡದೆ ಪೊಲೀಸ್ ಠಾಣೆಗೆ ಹೋಗಬೇಕು. ಒಬ್ಬನೇ ಅಲ್ಲ, ಸ್ಟ್ಯಾಂಡಿನ ಆರು ಮಂದಿಯೂ.

ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ಸುಳ್ಯ ತಾಲೂಕಿನ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ತಿನ್ನುತ್ತಿದೆ, ಅದರ ಮೇಲೆ ಎಲೆಚುಕ್ಕಿ ರೋಗವೂ ಬಂದಿದೆ. ಅಡಿಕೆ ಹೋದಲ್ಲಿ ರಬ್ಬರು ಬರುತ್ತಿದೆ. ಐದು ವರ್ಷದ ಕಂತಿಗೆ ಸಹಿ ಹಾಕುವವನು ಐದು ವರ್ಷದ ಮೇಲೆ ಈ ಬೈಲಿನಿಂದ ಯಾವ ಮಾಲು ಹೊರಟೀತು ಎಂಬುದನ್ನೂ ಯೋಚಿಸಬೇಕು. ಅಡಿಕೆಯೊಂದನ್ನೇ ನಂಬಿ ಗಾಡಿ ಕೊಳ್ಳುವ ಕಾಲ ಇದಲ್ಲ.

ಹಿರಿಯರು ಕಳೆದ ಭಾನುವಾರ ಮಗನನ್ನು ಕರೆದುಕೊಂಡು ಮತ್ತೆ ಬಂದರು. ಹುಡುಗ ಚುರುಕು, ಮೊದಲು ನಮ್ಮ ಮೇಲೆ ಸ್ವಲ್ಪ ಮುನಿಸಿಕೊಂಡೇ ಇದ್ದ. ಮ್ಯಾಲೆ ಹೇಳಿದ ಲೆಕ್ಕವನ್ನು ಅವನ ಕೈಯಿಂದಲೇ ಬರೆಸಿದೆವು. 5,886 ಬಂದಾಗ ಕೂಡಿಸಿದ್ದು ತಪ್ಪಿರಬೇಕೆಂದು ಎರಡು ಸಲ ಕೂಡಿಸಿದ. ಆಮೇಲೆ ಅವನೇ ಒಂದು ದಾರಿ ಹೇಳಿದ: ಎಲಿಮಲೆಯಲ್ಲಿ ಅವನ ಪರಿಚಯದವರೊಬ್ಬರ ಪಿಕಪ್ಪು ಡ್ರೈವರಿಲ್ಲದೆ ನಿಂತಿದೆಯಂತೆ; ಮುಂದಿನ ಮಳೆಗಾಲ ಕಳೆಯುವವರೆಗೆ ಅದನ್ನು ಸಂಬಳಕ್ಕೆ ಓಡಿಸುತ್ತಾನೆ, ದಿನದ ಓಟ, ಡೀಸೆಲು, ಖಾಲಿ ಬಂದ ಕಿಲೋಮೀಟರು ಎಲ್ಲವನ್ನೂ ಬರೆದಿಡುತ್ತಾನೆ. ಎರಡು ಲಕ್ಷ ಅಷ್ಟರವರೆಗೆ ಸಹಕಾರಿ ಸಂಘದ ಠೇವಣಿಯಲ್ಲಿರುತ್ತದೆ. ಲೆಕ್ಕ ಬರೆಯಲು ನಮ್ಮ ಕಚೇರಿಯ ಮೇಜಿನ ಮೇಲಿದ್ದ ಒಂದು ಹೊಸ ನೋಟುಪುಸ್ತಕವನ್ನು ಕೊಟ್ಟೆವು. ಹಿರಿಯರು ಅದರ ಹಣ ಕೊಡಲು ಹಟ ಮಾಡಿದರು, ತೆಗೆದುಕೊಂಡೆವು.